ಹನ್ನೆರಡು ಕೇಪು, ಹತ್ತು ಸಪ್ಪಳ

ಮೂವತ್ತೊಂದು ವರ್ಷದ ಪೊಲೀಸ್ ನೌಕರಿಯಲ್ಲಿ ನನ್ನ ಬೂಟು ಬಿಚ್ಚಿಸಿದವನು ಒಬ್ಬನೇ. ಅವನು ಮಂತ್ರಿಯಲ್ಲ, ಮಠದ ಸ್ವಾಮಿಯಲ್ಲ, ನನ್ನ ಮೇಲಧಿಕಾರಿಯೂ ಅಲ್ಲ. ಬೋನಾಳದ ತಾಯಪ್ಪ. ಎಡಗೈಯಲ್ಲಿ ಮೂರೇ ಬೆರಳು, ನಾಲ್ಕನೇ ಇಯತ್ತೆವರೆಗೆ ಓದು, ಕಾಲುವೆ ಕೆಲಸದ ಮದ್ದಿನ ಮನೆಗೆ ಕಾವಲುಗಾರ. ಹೋದ ಶ್ರಾವಣದಲ್ಲಿ ತೀರಿಕೊಂಡ. ಮಣ್ಣಿಗೆ ಹೋಗಿ ಬಂದ ಮೇಲೆ ಅವನ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಅನ್ನಿಸಿತು. ಠಾಣೆಯಲ್ಲಿ ರೈಟರ್ ಆಗಿದ್ದವನು ನಾನು, ಜನ್ಮವೆಲ್ಲ ಕಳ್ಳರ ವಿಷಯವನ್ನೇ ಬರೆದವನು. ಒಬ್ಬ ನೇರ ಮನುಷ್ಯನ ಬಗ್ಗೆ ಬರೆಯಲು ಕುಳಿತರೆ ಕೈ ತಡವರಿಸುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಏನು ಕೆಲಸವಿದ್ದರೂ ಗುಲಬರ್ಗಾಕ್ಕೆ ಓಡಬೇಕು. ಕೃಷ್ಣೆಯ ನೀರು ತರುವ ಕಾಲುವೆಯನ್ನು ಸುರಪುರದ ಸೀಮೆ ದಾಟಿಸಿ ಶಹಾಪುರದ ಕಡೆಗೆ ತೋಡುತ್ತಿದ್ದರು. ಎರೆಮಣ್ಣು ಇದ್ದಲ್ಲಿ ಯಂತ್ರಗಳೇ ಬಗೆದುಕೊಂಡು ಹೋದವು. ವನದುರ್ಗದ ಹತ್ತಿರ ಬಂಡೆ ಸಿಕ್ಕಿತು. ಬಂಡೆಯಲ್ಲಿ ತೂತು ಕೊರೆದು, ಮದ್ದಿನ ಕಡ್ಡಿ ಇಳಿಸಿ, ಅದಕ್ಕೊಂದು ಕೇಪು ಕೂಡಿಸಿ, ಬತ್ತಿಗೆ ಬೆಂಕಿ ಹಚ್ಚಿ ಓಡಬೇಕು. ಕೇಪು ಅಂದರೆ ಕಿರುಬೆರಳಿಗಿಂತ ಸಣ್ಣ ಅಲ್ಯೂಮಿನಿಯಂ ಕೊಳವೆ. ನೋಡಿದರೆ ಮಕ್ಕಳ ಪೆನ್ಸಿಲಿನ ತುಂಡು ಅನ್ನಬೇಕು. ಅದು ಸಿಡಿಯದೆ ಮದ್ದು ಸಿಡಿಯುವುದಿಲ್ಲ. ತಾಯಪ್ಪನ ಎರಡು ಬೆರಳು ತಿಂದದ್ದೂ ಅದೇ.

ಅದೇ ಕಾಲಕ್ಕೆ ಗುರುಮಠಕಲ್ ಆಚೆಯ ಗಡಿಯಿಂದ ನಕ್ಸಲರ ಸುದ್ದಿ ಬರುತ್ತಿತ್ತು. ರಸ್ತೆಯ ಕೆಳಗೆ ಮದ್ದು ಹೂತಿಟ್ಟು ಜೀಪು ಹಾರಿಸುತ್ತಾರೆ, ಆ ಮದ್ದು ಕಲ್ಲುಗಣಿ ಮತ್ತು ಕಾಲುವೆ ಕೆಲಸದವರ ಕೈಯಿಂದಲೇ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಸರ್ಕಾರ ಸುಮ್ಮನಿರಲಿಲ್ಲ. ಸುತ್ತೋಲೆ ಬಂತು. ಮದ್ದಿನ ಮನೆಗೆ ಎರಡು ಕೀಲಿ ಇರಬೇಕು, ಒಂದು ಕಾವಲುಗಾರನ ಹತ್ತಿರ, ಇನ್ನೊಂದು ಇಂಜಿನಿಯರ ಹತ್ತಿರ. ಪೊಲೀಸರು ತಿಂಗಳಿಗೊಮ್ಮೆ ಹೋಗಿ ಒಂದೊಂದು ಕೇಪೂ ಎಣಿಸಬೇಕು. ಕೊಟ್ಟದ್ದೆಷ್ಟು, ಸಿಡಿದದ್ದೆಷ್ಟು, ಮರಳಿ ಬಂದದ್ದೆಷ್ಟು ಎಂಬುದು ಅದೇ ದಿನ ಬರಹಕ್ಕೆ ಬೀಳಬೇಕು. ತಾಳೆಯಾಗದಿದ್ದರೆ ಆ ದಿನವೇ ಠಾಣೆಗೆ ತಿಳಿಸಬೇಕು. ಊರೂರಿಗೆ ಹೋಗಿ ಹುಡುಗರಿಗೆ ಬುದ್ಧಿ ಹೇಳುವ ಸಭೆಗಳೂ ನಡೆದವು. ಕೆಂಭಾವಿಯ ಸಂತೆಯ ದಿನ ನಾನೇ ಒಂದು ಸಭೆಗೆ ಶಾಮಿಯಾನ ಹಾಕಿಸಿದೆ. ಸಾಹೇಬರು ಮಾತಾಡಿದರು, ನಾನು ಸುತ್ತೋಲೆ ಓದಿ ಹೇಳಿದೆ, ಜನ ಚಹಾ ಕುಡಿದರು, ಎದ್ದು ಹೋದರು. ಅದರಿಂದ ಯಾರ ಮನಸ್ಸು ತಿರುಗಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಣಿಸುವ ಕೆಲಸ ಮಾತ್ರ ಕೆಲಸ ಅನ್ನಿಸುವಂಥದ್ದು. ಅಕ್ಷರ ಚೆಂದ ಇದೆ ಎಂಬ ಕಾರಣಕ್ಕೆ ಅದು ನನ್ನ ಕುತ್ತಿಗೆಗೆ ಬಿತ್ತು.

ಮೊದಲ ಸಲ ಹೋದಾಗ ನೆತ್ತಿಯ ಮೇಲೆ ಬಿಸಿಲು. ವನದುರ್ಗದ ಕೋಟೆಯ ಗುಡ್ಡದಿಂದ ಒಂದು ಮೈಲಿ ಈಚೆ, ಬಯಲಿನ ನಡುವೆ ಒಂದು ಪುಟ್ಟ ಇಟ್ಟಿಗೆ ಮನೆ, ಸುತ್ತ ಮುಳ್ಳುತಂತಿಯ ಬೇಲಿ, ಕೆಂಪು ಅಕ್ಷರದ ಬೋರ್ಡು. ಬೇಲಿಯ ಬಾಗಿಲಲ್ಲಿ ಬರಿಗಾಲಿನ ಒಬ್ಬ ಮನುಷ್ಯ ನಿಂತಿದ್ದ.

‘ಕಡ್ಡಿಪೆಟಗಿ, ಬೀಡಿ ಇದ್ರ ಇಲ್ಲಿ ಇಡ್ರಿ,’ ಅಂದ. ಇಟ್ಟೆ.

‘ಬೂಟು ಬಿಚ್ರಿ.’

‘ಏನಂದಿ?’

‘ಬೂಟಿನ ತೆಳಗ ಮೊಳಿ ಇರ್ತಾವ್ರಿ. ಕಲ್ಲಿಗಿ ತಾಕಿದ್ರ ಕಿಡಿ ಬೀಳ್ತೈತಿ. ಒಳಗ ಬರೂದಿದ್ರ ಬಿಚ್ರಿ ಹವಾಲ್ದಾರ್ರ. ಇಲ್ಲಂದ್ರ ಹೊರಗ ನಿಂತು ಬರಕೋರಿ.’

ನನಗೆ ಸಿಟ್ಟು ನೆತ್ತಿಗೇರಿತು. ನಾನು ಯಾರು, ಎಲ್ಲಿಂದ ಬಂದೆ, ಯಾವ ಆದೇಶದ ಮೇಲೆ ಬಂದೆ ಎಂದು ಒಂದಿಷ್ಟು ಕೂಗಾಡಿದೆ. ಅವನು ನನ್ನ ಕೂಗಾಟ ಮುಗಿದ ಮೇಲೆ ಅದೇ ದನಿಯಲ್ಲಿ, ‘ಬೂಟು ಬಿಚ್ರಿ,’ ಅಂದ. ಹೋದ ವಾರ ದೊಡ್ಡ ಇಂಜಿನಿಯರೂ ಬಿಚ್ಚಿದ್ದಾರೆ ಎಂದು ಸಮಾಧಾನಕ್ಕೆ ಸೇರಿಸಿದ. ಸರ್ಕಾರಿ ಬೂಟು ಬಿಚ್ಚಿ, ತೂತು ಬಿದ್ದ ಕಾಲುಚೀಲವನ್ನು ಅವನೆದುರು ತೋರಿಸಿ, ಕಾದ ನೆಲದ ಮೇಲೆ ಕುಣಿಯುತ್ತ ಒಳಗೆ ಹೋದೆ. ಕೇಪಿನ ಪೆಟ್ಟಿಗೆ ತೆರೆದು ಅವನು ಎಣಿಸತೊಡಗಿದ. ಕಣದಲ್ಲಿ ಜೋಳ ಅಳೆಯುವವರು ಮೊದಲ ಸೇರಿಗೆ ಒಂದು ಅನ್ನದೆ ‘ಲಾಭ’ ಅನ್ನುತ್ತಾರಲ್ಲ, ಇವನೂ ಹಾಗೆಯೇ ಲಾಭ, ಎರಡು, ಮೂರು ಎಂದು ಶುರು ಮಾಡಿದ. ನಾನು ನಕ್ಕುಬಿಟ್ಟೆ. ಬುಕ್ಕಿನಲ್ಲಿದ್ದ ಲೆಕ್ಕಕ್ಕೂ ಪೆಟ್ಟಿಗೆಯಲ್ಲಿದ್ದದ್ದಕ್ಕೂ ಒಂದೂ ಹೆಚ್ಚುಕಡಿಮೆ ಇರಲಿಲ್ಲ.

ಮುಂದಿನ ಮೂರು ವರ್ಷ ತಿಂಗಳಿಗೊಮ್ಮೆ ಬೂಟು ಬಿಚ್ಚಿದೆ. ಒಂದು ಸಲವೂ ಲೆಕ್ಕ ತಪ್ಪಲಿಲ್ಲ. ಅವನ ಗುಟ್ಟು ತಿಳಿದದ್ದು ಎರಡನೇ ವರ್ಷ. ಬಂಡೆ ಸಿಡಿಸುವ ಹೊತ್ತು ಮಧ್ಯಾಹ್ನ. ಆ ಹೊತ್ತಿಗೆ ತಾಯಪ್ಪ ಮಾತು ನಿಲ್ಲಿಸಿ, ಬೇಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದ. ಪಕ್ಕದಲ್ಲಿ ಒಂದು ರಾಶಿ ಹರಳುಕಲ್ಲು. ದೂರದಲ್ಲಿ ಒಂದು ಢಂ ಅಂದಾಗ ಒಂದು ಹರಳು ಈ ಕಡೆಗೆ ಎತ್ತಿಡುವುದು, ಇನ್ನೊಂದು ಢಂ ಅಂದಾಗ ಇನ್ನೊಂದು. ಬೆಳಿಗ್ಗೆ ಹತ್ತು ಕೇಪು ಕೊಟ್ಟಿದ್ದರೆ ಹತ್ತು ಹರಳು ಆಗಬೇಕು. ಆಮೇಲೆ ಅಂಗಿಯ ಕಿಸೆಯಿಂದ ಒಂದು ನೋಟ್‌ಬುಕ್ ತೆಗೆದು ದಿನಾಂಕ ಹಾಕಿ ‘ಕೇಪು ೧೦ ಸಪ್ಪಳ ೧೦’ ಎಂದು ಬರೆಯುವುದು. ಇದನ್ನು ಬರೆ ಎಂದು ಯಾವ ಸುತ್ತೋಲೆಯೂ ಅವನಿಗೆ ಹೇಳಿರಲಿಲ್ಲ.

‘ಗುಡ್ಡ ತಿರುಗಿ ಕೂಗತೈತಲ್ಲೋ, ಒಂದು ಎರಡಾಗಿ ಕೇಳಂಗಿಲ್ಲೇನು?’ ಅಂತ ಕೇಳಿದೆ.

‘ಕಿವಿಲೆ ಎಣಿಸಿದ್ರ ತಪ್ಪತೈತ್ರಿ. ನಾ ಅಂಗಾಲಿಲೆ ಎಣಸ್ತೀನಿ. ಖರೇ ಸಪ್ಪಳ ನೆಲದಾಗಿಂದ ಬರ್ತೈತಿ. ಗುಡ್ಡದ್ದು ಗಾಳ್ಯಾಗಿಂದ ಬರ್ತೈತಿ.’

ಒಂದು ಸಪ್ಪಳ ಕಡಿಮೆ ಬಂದರೆ ಒಂದು ತೂತು ಸಿಡಿಯದೆ ಉಳಿದಿದೆ ಎಂದು ಅರ್ಥ. ಗೊತ್ತಿಲ್ಲದೆ ಅದರ ಮೇಲೆ ಯಾರಾದರೂ ಹಾರೆಯ ಏಟು ಹಾಕಿದರೆ ಅಲ್ಲಿಗೆ ಅವರ ಕಥೆ ಮುಗಿಯಿತು. ಹಾಗೆ ಉಳಿದ ಒಂದು ತೂತಿನಿಂದಲೇ ತಾಯಪ್ಪ ಬೆರಳು ಕಳೆದುಕೊಂಡದ್ದು. ಪಕ್ಕದಲ್ಲಿದ್ದವನು ಜೀವವನ್ನೇ ಕಳೆದುಕೊಂಡಿದ್ದ. ಸರ್ಕಾರಕ್ಕೆ ನಕ್ಸಲರ ಭಯ, ಅವನಿಗೆ ಆ ತೂತಿನ ಭಯ. ಎರಡೂ ಭಯಕ್ಕೆ ಒಂದೇ ನೋಟ್‌ಬುಕ್ ಸಾಕಾಗಿತ್ತು.

ಮದ್ದು ಸಿಡಿಸುವ ಪರವಾನಗಿ ಇದ್ದವನು ಅಂಬ್ರಪ್ಪ. ತಾಯಪ್ಪನ ಹೆಂಡತಿ ಮರಿಲಿಂಗಮ್ಮನ ತಮ್ಮ, ಅಕ್ಕನ ಗಂಡನನ್ನು ‘ಮಾವ’ ಎಂದು ಕರೆಯುವವನು. ಮಾತು ಜಾಸ್ತಿ, ನಗು ಜಾಸ್ತಿ, ಧೈರ್ಯವೂ ಒಂದು ಹಿಡಿ ಜಾಸ್ತಿಯೇ. ಬತ್ತಿಗೆ ಬೆಂಕಿ ಹಚ್ಚಿದ ಮೇಲೆ ಎಲ್ಲರೂ ಓಡಿದರೆ ಇವನು ನಡೆದುಕೊಂಡು ಬರುವವನು. ಎಲ್ಲರೂ ಬೋನಾಳದವರೇ. ಕೆಲಸ ಇಲ್ಲಿದ್ದದ್ದರಿಂದ ಕ್ಯಾಂಪಿನ ತಗಡಿನ ಮನೆಗಳಲ್ಲಿ ಅಕ್ಕಪಕ್ಕ ಸಂಸಾರ ಹೂಡಿದ್ದರು. ತಾಯಪ್ಪನ ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ ಎರಡೇ. ಅಂಬ್ರಪ್ಪನ ಮನೆಯಲ್ಲಿ ಅವನ ತಾಯಿ ಬಾಲಮ್ಮನ ಜಗುಲಿ, ದೇವರು, ಗಂಟೆ, ಎಲ್ಲ. ಅದಕ್ಕಾಗಿ ಭಾವ ಮೈದುನರ ನಡುವೆ ಒಂದು ದಿನವೂ ಜಗಳ ಬಂದಿರಲಿಲ್ಲ. ನಾಗರಪಂಚಮಿಯ ಉಂಡಿ ಈ ಮನೆಗೆ ಬರುತ್ತಿತ್ತು, ಏಪ್ರಿಲ್ ಹದಿನಾಲ್ಕರ ಪಾಯಸ ಆ ಮನೆಗೆ ಹೋಗುತ್ತಿತ್ತು.

ಮಹಾನವಮಿಯ ಖಂಡೇಪೂಜೆ ಬಂತು. ನಮ್ಮ ಕಡೆ ಆ ದಿನ ದುಡಿಯುವವನು ತನ್ನ ಹತ್ಯಾರಗಳನ್ನು ತೊಳೆದು ಜಗುಲಿಯ ಮೇಲಿಟ್ಟು ಪೂಜೆ ಮಾಡುತ್ತಾನೆ, ಮರುದಿನದವರೆಗೆ ಅವನ್ನು ಮುಟ್ಟುವುದಿಲ್ಲ. ಒಕ್ಕಲಿಗ ಕುಡಗೋಲು ಇಡುತ್ತಾನೆ, ಬಡಿಗ ಉಳಿ ಇಡುತ್ತಾನೆ. ಅಂಬ್ರಪ್ಪ ಎರಡು ದಿನ ಮೊದಲೇ ಬಂದು, ಮದ್ದಿನ ಮನೆಯ ಬಾಗಿಲಿಗೆ ಕುಂಕುಮ ಹಚ್ಚಿ ಒಂದು ದೀಪ ಇಡುತ್ತೇನೆ ಎಂದು ಕೇಳಿದನಂತೆ. ‘ಇಲ್ಲಿ ದೀಪ ಇಲ್ಲ, ಊದಿನಕಡ್ಡಿನೂ ಇಲ್ಲ, ನಡಿ,’ ಎಂದು ತಾಯಪ್ಪ ಕಳಿಸಿದ.

ಹಬ್ಬದ ಹಿಂದಿನ ದಿನ ಅಂಬ್ರಪ್ಪ ಹನ್ನೆರಡು ಕೇಪು ಒಯ್ದ. ಮಧ್ಯಾಹ್ನ ತಾಯಪ್ಪನಿಗೆ ಸಿಕ್ಕ ಹರಳು ಹತ್ತು.

ಸಂಜೆ ಅಂಬ್ರಪ್ಪ ಬಂದು ಹನ್ನೆರಡೂ ಸಿಡಿದವು ಅಂದ.

‘ನನಗ ಹತ್ತ ಬಂದಾವಲ್ಲೋ.’

‘ಎರಡು ಕಡೆ ಜೋಡಿ ಒಮ್ಮಿಗೇ ಹೋದ್ವು ಮಾವ. ಬತ್ತಿ ಒಂದ ಅಳತಿ ಆಗಿದ್ವು. ಬರಕೋ, ಮನ್ಯಾಗ ಅವ್ವ ಹೋಳಿಗಿ ಮಾಡ್ಕೊಂತ ದಾರಿ ಕಾಯಾಕತ್ಯಾಳ.’

ಹಬ್ಬದ ಮುನ್ನಾದಿನದ ಸಂಜೆ, ಹೆಂಡತಿಯ ತಮ್ಮ. ಸರ್ಕಾರಿ ಬುಕ್ಕಿನಲ್ಲಿ ಹನ್ನೆರಡು ಸಿಡಿದವು ಎಂದು ಬರೆದು ತಾಯಪ್ಪ ಸಹಿ ಹಾಕಿದ. ಕಿಸೆಯ ನೋಟ್‌ಬುಕ್ಕಿನಲ್ಲಿ ಮಾತ್ರ ‘ಕೇಪು ೧೨ ಸಪ್ಪಳ ೧೦’ ಎಂದು ಬರೆದ. ಇದು ಅವನ ಜೀವನದಲ್ಲಿ ನನಗೆ ಗೊತ್ತಿರುವ ಒಂದೇ ತಪ್ಪು. ಅದನ್ನು ಅವನೇ ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಅವನು ಬಂಡೆಯ ಹತ್ತಿರ ಹೋದ. ಎರಡು ತೂತು ಸಿಡಿಯದೆ ಉಳಿದಿವೆಯೇ ಎಂಬ ಚಿಂತೆ. ಒಡೆದ ಕಲ್ಲನ್ನೆಲ್ಲ ಸರಿಸಿ ನೋಡಿದ. ಸಿಡಿದ ತೂತಿನ ಬುಡ ಬಂಡೆಯಲ್ಲಿ ಉಳಿದಿರುತ್ತದೆ, ಕಪ್ಪಗೆ ಸುಟ್ಟಿರುತ್ತದೆ. ಹತ್ತು ಬುಡ ಸಿಕ್ಕವು. ಹನ್ನೊಂದನೆಯ ತೂತನ್ನು ಕೊರೆದೇ ಇರಲಿಲ್ಲ. ಅಂದರೆ ಎರಡು ಕೇಪು ಹೊರಗಿವೆ. ಅಂಬ್ರಪ್ಪ ಯಾರಿಗಾದರೂ ಕೊಟ್ಟನೇ? ಗಡಿಯ ಕಡೆಯಿಂದ ಯಾರಾದರೂ ಬಂದಿದ್ದರೇ? ಕ್ಯಾಂಪಿನವರೆಗೆ ನಡೆದು ಬರುವಾಗ ದಾರಿಯೇ ಕಾಣಲಿಲ್ಲವಂತೆ.

ಅಂಬ್ರಪ್ಪನ ಮನೆಯ ಬಾಗಿಲಲ್ಲಿ ನಿಂತರೆ ಜಗುಲಿ ನೇರ ಕಾಣುತ್ತದೆ. ಸುತ್ತಿಗೆ, ಹಾರೆ, ಕೊರೆಯುವ ಉಳಿ, ಎಲ್ಲಕ್ಕೂ ವಿಭೂತಿ ಕುಂಕುಮ. ನಡುವೆ ಒಂದು ವೀಳ್ಯದೆಲೆ. ಎಲೆಯ ಮೇಲೆ ಎರಡು ಕೇಪು, ಅವಕ್ಕೂ ಕುಂಕುಮ, ಮೇಲೊಂದು ಚೆಂಡುಹೂವು. ಅಲ್ಲಿಂದ ಒಂದು ಗೇಣು ದೂರದಲ್ಲಿ ಬಾಲಮ್ಮ ಒಂಬತ್ತು ದಿನದಿಂದ ಆರದಂತೆ ಕಾಯ್ದುಕೊಂಡು ಬಂದ ಎಣ್ಣೆಯ ದೀಪ. ಜಗುಲಿಯ ಕೆಳಗೆ ಅಂಬ್ರಪ್ಪನ ಇಬ್ಬರು ಮಕ್ಕಳು ಹೋಳಿಗೆ ತಿನ್ನುತ್ತ ಕುಳಿತಿದ್ದವು.

ತಾಯಪ್ಪ ಒಳಗೆ ಹೋಗಿ ಮೂರು ಬೆರಳಿನ ಕೈಯಿಂದ ದೀಪದ ಕುಡಿಯನ್ನು ಹಿಚುಕಿ ಆರಿಸಿದ. ಬಾಲಮ್ಮ ಚೀರಿದಳು. ಒಂಬತ್ತನೇ ದಿನ ದೇವರ ಮುಂದಿನ ದೀಪ ಆರಿಸುವುದೆಂದರೆ ಮನೆಯನ್ನೇ ಆರಿಸಿದಂತೆ ಎಂದು ನಂಬಿದ ಮುದುಕಿ ಅವಳು. ಅವನು ಮಕ್ಕಳನ್ನು ಹೊರಗೆ ಅಟ್ಟಿ, ಎಲೆಯ ಸಮೇತ ಕೇಪುಗಳನ್ನು ಎತ್ತಿಕೊಂಡ.

‘ಪೂಜಿಗಿ ಇಟ್ಟದ್ದು ನಾಳಿ ತನಾ ಎತ್ತಂಗಿಲ್ಲೋ!’ ಅಂದಳು ಬಾಲಮ್ಮ.

ಅಂಬ್ರಪ್ಪ ಅಡ್ಡ ಬಂದ. ‘ಮಾವ, ನಾಡದು ಕೆಲಸಕ್ಕ ಹಚ್ಚತಿದ್ನಿ. ಸುತಿಗಿಗಿ ಕುಂಕುಮ ಬಿತ್ತು, ಹಾರಿಗಿ ಬಿತ್ತು. ನಮಗ ಅನ್ನ ಹಾಕೂದು ಇದು, ಜೀವ ತೆಗಿಯೂದೂ ಇದು. ಇದಕ್ಕ ಒಂದು ಕೈ ಮುಗೀಲಿಲ್ಲಂದ್ರ ಹೆಂಗ?’

ತಾಯಪ್ಪ ಅವನ ಮುಖ ನೋಡಿದ. ಮಾರಿಕೊಂಡಿಲ್ಲ ಎಂದು ತಿಳಿದು ಎದೆ ಹಗುರಾಯಿತು, ಅಷ್ಟೇ ಸಿಟ್ಟೂ ಬಂತು. ‘ಹುಚ್ಚ ಸೂಳೇಮಗನ, ಮಕ್ಕಳು ಕುಂತಾವಲ್ಲೋ ಇಲ್ಲಿ,’ ಅಂದನಂತೆ. ಅವನ ಬಾಯಲ್ಲಿ ಬೈಗುಳ ಬಂದದ್ದು ಅದೊಂದೇ ಸಲ ಎಂದು ಬಾಲಮ್ಮನೇ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದಳು.

ಕೇಪುಗಳನ್ನು ಮದ್ದಿನ ಮನೆಯಲ್ಲಿ ಬೇರೆ ಡಬ್ಬಿಯಲ್ಲಿಟ್ಟು ಬೀಗ ಹಾಕಿ, ಅವನು ಬಸ್ಸು ಹತ್ತಿ ಠಾಣೆಗೆ ಬಂದ. ನಾವು ಅಲ್ಲಿ ಏನು ಮಾಡುತ್ತಿದ್ದೆವು ಗೊತ್ತೇ? ಖಂಡೇಪೂಜೆ. ಠಾಣೆಯ ರೈಫಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಗುಂಡುಗಳನ್ನು ಹರಡಿ, ಮುಂದೆ ಎರಡು ದೀಪದ ಸಮೆ ಹಚ್ಚಿಟ್ಟು, ನಾನೇ ಬೂದಗುಂಬಳ ಒಡೆಯುತ್ತಿದ್ದೆ. ತಾಯಪ್ಪ ಕಟ್ಟೆಯ ಮೇಲೆ ಕುಳಿತು ಪೂಜೆ ಮುಗಿಯುವವರೆಗೆ ಕಾದ. ಪ್ರಸಾದ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ.

ನಾನು ಅವನನ್ನು ಮೂಲೆಗೆ ಎಳೆದುಕೊಂಡು ಹೋದೆ. ‘ನಿನಗ ತಲಿ ಐತೇನು? ಕೇಪು ಸಿಕ್ಕಾವ. ಪೆಟಿಗ್ಯಾಗ ಹಾಕು, ಮನಿಗಿ ಹೋಗು. ನಾ ಏನೂ ಕೇಳಿಲ್ಲ. ಇದು ಬರದ್ರ ಟಾಡಾ ಹಾಕ್ತಾರ. ಆ ಕಾಯ್ದೆದಾಗ ಒಳಗ ಹೋದ್ರ ಜಾಮೀನು ಸಿಗಂಗಿಲ್ಲೋ.’

‘ಬುಕ್ಕಿನ್ಯಾಗ ಹನ್ನೆರಡು ಸಿಡದಾವಂತ ಬರದೀನ್ರಿ. ಪೆಟಿಗ್ಯಾಗ ಹಾಕಿದ್ರ ಎರಡು ಹೆಚ್ಚ ಆಗ್ತಾವ.’

‘ಎರಡು ಸಿಡಿಸಿ ಬಿಡ್ರೋ, ಮುಗೀತು.’

‘ಹವಾಲ್ದಾರ್ರ, ಮೀಟಿಂಗಿನ್ಯಾಗ ನೀವ ಓದಿ ಹೇಳೀರಿ, ತಾಳಿ ಆಗಲಿಲ್ಲಂದ್ರ ಅವತ್ತ ಹೇಳಬೇಕಂತ. ಇವತ್ತು ಇದನ್ನ ಮುಚ್ಚಿದ್ನೆಂದ್ರ ನಾಳಿ ಎಲ್ಲೋ ಒಂದು ಜೀಪು ಹಾರತೈತಿ ಅಂತ ತಿಳೀರಿ. ನಮ್ಮ ಗ್ಯಾಂಗಿನ ಮಂದೀನ ಹಿಡೀತಾರ. ಆವಾಗ ಇವ್ರ ಕಡಿಂದ ಒಂದೂ ಹೊರಗ ಹೋಗಿಲ್ಲ ಅಂತ ನಾ ಹೇಳಬೇಕಲ್ರಿ? ಸುಳ್ಳು ಬರದ ಬುಕ್ಕು ಯಾರು ನಂಬ್ತಾರ?’

ಆ ಸುತ್ತೋಲೆಯನ್ನು ನಾನು ಅಕ್ಷರ ತಪ್ಪದೆ ಓದಿದ್ದೆ, ಒಂದು ದಿನವೂ ನಂಬಿರಲಿಲ್ಲ. ಇವನು ನಂಬಿದ್ದ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಕುಂಕುಮ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವನ ಹೇಳಿಕೆ ಬರೆದುಕೊಂಡೆ. ಗೋಡೆಯ ಹತ್ತಿರ ರೈಫಲುಗಳು ಹೂಮಾಲೆ ಹಾಕಿಕೊಂಡು ನಿಂತಿದ್ದವು.

ಅಂಬ್ರಪ್ಪನ ಪರವಾನಗಿ ಕಸಿದುಕೊಂಡೆವು. ನಾಲ್ಕು ದಿನ ಬೆಳಿಗ್ಗೆ ಕರೆಸಿ, ಸಂಜೆ ಕಳಿಸಿದೆವು. ನಗುವ ಮನುಷ್ಯ ಕಟ್ಟೆಯ ಮೇಲೆ ಕುಳಿತು ನೆಲ ನೋಡುತ್ತಿದ್ದ. ಮರಿಲಿಂಗಮ್ಮ ತಮ್ಮನಿಗೆ ರೊಟ್ಟಿ ಕಟ್ಟಿಕೊಂಡು ದಿನವೂ ಬರುತ್ತಿದ್ದಳು. ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಹೇಳಿಕೆಗೆಂದು ಗಂಡ ಕುಳಿತಿದ್ದರೂ ಅವನ ಕಡೆ ಹೊರಳಿ ನೋಡಲಿಲ್ಲ. ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತಳು.

‘ನನ್ನ ತಮ್ಮ ಬಾಂಬ್ ಇಡಾಂವ ಏನ್ರಿ ಸಾಹೇಬ್ರ? ದೇವರ ಮುಂದ ಇಟ್ಟಾನ್ರಿ, ಜೀಪಿನ ತೆಳಗ ಇಟ್ಟಿಲ್ಲ.’

‘ನನಗ ಗೊತ್ತವ್ವ,’ ಅಂದೆ. ನನಗೆ ಗೊತ್ತಿದ್ದರೆ ಏನಾಯಿತು, ಟಾಡಾ ಹಾಕುವುದು ಬಿಡುವುದು ನನ್ನ ಕೈಯಲ್ಲಿರಲಿಲ್ಲ.

ಐದನೇ ದಿನ ಗುಲಬರ್ಗಾದಿಂದ ಜಲಾಲುದ್ದೀನ ಸಾಹೇಬರು ಬಂದರು. ಗಡಿಯ ಪ್ರಕರಣಗಳನ್ನೆಲ್ಲ ನೋಡುವ ಇನ್‌ಸ್ಪೆಕ್ಟರು. ಕೂಗಾಡುವ ಮನುಷ್ಯ ಅಲ್ಲ, ಅದಕ್ಕೇ ನಮಗೆಲ್ಲ ಹೆಚ್ಚು ಭಯ. ಒಂದು ಕಡೆ ಸರ್ಕಾರಿ ಬುಕ್ಕು, ಇನ್ನೊಂದು ಕಡೆ ತಾಯಪ್ಪನ ನೋಟ್‌ಬುಕ್ಕುಗಳು, ನಾನು ಎಣಿಸಲು ಬರುವ ಮೊದಲಿನವೂ ಸೇರಿ ಆರು ವರ್ಷದವು, ಇಟ್ಟುಕೊಂಡು ಇಡೀ ದಿನ ಓದಿದರು. ಸಂಜೆಗೆ ತಾಯಪ್ಪನನ್ನು ಕರೆದರು.

‘ಆರು ವರ್ಷದೊಳಗೆ ಒಂದೇ ದಿನ ತಾಳೆ ಇಲ್ಲ. ನಿನ್ನ ಬರಹ ನಿಜವಾದರೆ ಈ ಎರಡು ಬಿಟ್ಟು ಒಂದೂ ಹೊರಗೆ ಹೋಗಿಲ್ಲ, ನಿನ್ನ ಭಾವಮೈದುನ ದಡ್ಡ ಅಷ್ಟೇ, ದ್ರೋಹಿ ಅಲ್ಲ. ಆದರೆ ಮೈಲಿ ದೂರ ಕುಳಿತು ಕಲ್ಲಿನಲ್ಲಿ ಎಣಿಸಿದ್ದನ್ನು ನಾನು ಹೇಗೆ ನಂಬಲಿ? ಮನೆಯಲ್ಲಿ ಕುಳಿತು ಬರೆದಿರಬಹುದು.’

‘ಪರೀಕ್ಷಾ ಮಾಡ್ರಿ,’ ಅಂದ ತಾಯಪ್ಪ.

ಮರುದಿನ ಮಧ್ಯಾಹ್ನ ಪರೀಕ್ಷೆ. ಕೇಪು ತೆಗೆದು ಕೊಟ್ಟವರು ಇಂಜಿನಿಯರು, ತಾಯಪ್ಪ ಬೇಲಿಯ ಹೊರಗಿದ್ದ. ಸಿಡಿಸುವವನು ಇನ್ನೊಂದು ಗ್ಯಾಂಗಿನ ಯಾಕೂಬಸಾಬ. ಎಷ್ಟು ತೂತು ಎಂಬುದು ಇಂಜಿನಿಯರಿಗೆ, ಯಾಕೂಬಸಾಬನಿಗೆ, ಬಂಡೆಯ ಹತ್ತಿರ ನಿಂತ ನನಗೆ ಮತ್ತು ಸಾಹೇಬರಿಗೆ ಮಾತ್ರ ಗೊತ್ತು. ಹದಿನೈದು. ಸಾಹೇಬರು ಬೂಟು ಬಿಚ್ಚಿ ತಾಯಪ್ಪನ ಪಕ್ಕ ಕುಳಿತರಂತೆ. ಅಂಬ್ರಪ್ಪ ದೂರದಲ್ಲಿ ಒಬ್ಬ ಪೇದೆಯ ಜೊತೆ ನಿಂತಿದ್ದ. ಅವನ ಮುಂದಿನ ಹತ್ತು ವರ್ಷ ಆ ಹರಳುಗಳ ಮೇಲೆ ನಿಂತಿತ್ತು.

ಬತ್ತಿಗೆ ಬೆಂಕಿ ಬಿತ್ತು. ನಾವು ಓಡಿ ಬಂದು ಮಣ್ಣಿನ ದಿಬ್ಬದ ಹಿಂದೆ ಕುಳಿತೆವು. ಒಂದಾದ ಮೇಲೊಂದು ಸಿಡಿಯತೊಡಗಿದವು. ಗುಡ್ಡ ಒಂದೊಂದನ್ನೂ ತಿರುಗಿ ಕೂಗಿತು. ನಾನು ಬೆರಳು ಮಡಚಿ ಎಣಿಸಿದೆ, ಹದಿನೈದು. ಯಾಕೂಬಸಾಬನನ್ನು ಕೇಳಿದೆ, ಅವನದೂ ಹದಿನೈದು. ಹೊಗೆ ಇಳಿಯಲಿ ಎಂದು ಸ್ವಲ್ಪ ಹೊತ್ತು ಕಾದೆವು. ಆಮೇಲೆ ನಾನು ಸೀಟಿ ಊದಿದೆ. ಕಲ್ಲು ಎತ್ತುವ ಒಂಬತ್ತು ಮಂದಿ ಹಾರೆ ಹೊತ್ತುಕೊಂಡು ಕೆಳಗೆ ಇಳಿಯತೊಡಗಿದರು.

ಆಗ ಜೀಪು ಬಂತು. ಹಾರ್ನು ಒಂದೇ ಸಮನೆ ಕೂಗುತ್ತಿತ್ತು. ಮುಂದಿನ ಸೀಟಿನಲ್ಲಿ ತಾಯಪ್ಪ ಎದ್ದು ನಿಂತು, ತಲೆಯ ರುಮಾಲು ಬಿಚ್ಚಿ ಬೀಸುತ್ತಿದ್ದ.

‘ಇಳೀಬ್ಯಾಡ್ರೋ! ಹದಿನಾಕ ಹೋಗ್ಯಾವ! ಒಂದು ಒಳಗೈತಿ!’

ಎಷ್ಟು ತೂತು ಕೊರೆದಿದ್ದರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಹದಿನಾಲ್ಕು ಹರಳು ಇಟ್ಟು ‘ಹದಿನಾಕು’ ಎಂದು ಹೇಳಿದ. ಸಾಹೇಬರು, ತಪ್ಪಿದೆ ತಾಯಪ್ಪ, ಹದಿನೈದು ಇದ್ದವು ಅಂದರಂತೆ. ಆ ಮಾತು ಕೇಳಿದ್ದೇ ಅವನು ತನ್ನ ಪರೀಕ್ಷೆ, ಅಂಬ್ರಪ್ಪ, ಟಾಡಾ ಎಲ್ಲ ಮರೆತು ಜೀಪಿಗೆ ಓಡಿದ. ಸಾಹೇಬರು ಬರಿಗಾಲಿನಲ್ಲೇ ಹಿಂದೆ ಓಡಿದರು.

ಮಂದಿಯನ್ನೆಲ್ಲ ಮೇಲೆ ಕರೆದೆವು. ಬಹಳ ಹೊತ್ತು ಕಾದು, ತಾಯಪ್ಪ ಮತ್ತು ಯಾಕೂಬಸಾಬ ಇಬ್ಬರೇ ಇಳಿದರು. ಎಡಗಡೆಯ ಮೂಲೆಯಲ್ಲಿ, ಬಿದ್ದ ಕಲ್ಲುಗಳ ಕೆಳಗೆ, ಒಂದು ತೂತು ಹಾಗೆಯೇ ಇತ್ತು. ಬತ್ತಿ ಅರ್ಧ ಉರಿದು ಆರಿತ್ತು. ನಾನು ಸೀಟಿಯನ್ನು ಕಿಸೆಯಲ್ಲಿ ಹಾಕಿಕೊಂಡು ದಿಬ್ಬದ ಮೇಲೆ ಕುಳಿತುಬಿಟ್ಟೆ. ನನ್ನ ಕಿವಿ ಎಣಿಸಿದ ಹದಿನೈದನೆಯದು ಗುಡ್ಡದ್ದು. ಒಂಬತ್ತು ಮನೆಗಳಲ್ಲಿ ಆ ಸಂಜೆ ನನ್ನಿಂದ ಗೋಳು ಹುಟ್ಟುತ್ತಿತ್ತು.

ಜಲಾಲುದ್ದೀನ ಸಾಹೇಬರು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಸಹಿ ಹಾಕಿ ಮರಳಿ ಕೊಟ್ಟರು. ಟಾಡಾ ಹಾಕಲಿಲ್ಲ. ಅಂಬ್ರಪ್ಪನ ಪರವಾನಗಿ ಒಂದು ವರ್ಷ ರದ್ದು. ಇನ್ನೊಬ್ಬನ ಮಾತಿನ ಮೇಲೆ ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದ್ದಕ್ಕೆ ತಾಯಪ್ಪನಿಗೊಂದು ಎಚ್ಚರಿಕೆಯ ಪತ್ರ. ಆ ಪತ್ರವನ್ನು ಟೈಪ್ ಮಾಡಿದವನು ನಾನೇ. ಒಂಬತ್ತು ಜೀವ ಉಳಿಸಿದವನಿಗೆ ಎಚ್ಚರಿಕೆ, ಸೀಟಿ ಊದಿದ ನನಗೆ ಏನೂ ಇಲ್ಲ. ಸರ್ಕಾರದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಾಯಪ್ಪ ಮಾತ್ರ ಪತ್ರವನ್ನು ಎರಡು ಸಲ ಓದಿ, ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡ.

‘ಬರದದ್ದು ಖರೇ ಐತ್ರಿ,’ ಅಂದ.

ಆ ವರ್ಷ ಅವನಿಗೆ ಸುಲಭವಾಗಿರಲಿಲ್ಲ. ಅಂಬ್ರಪ್ಪ ತಾಯಿಯನ್ನು ಕರೆದುಕೊಂಡು ಬೋನಾಳಕ್ಕೆ ಹೋಗಿ ಹೊಲದ ಕೂಲಿಗೆ ನಿಂತ. ಜೀವ ಉಳಿದ ಒಂಬತ್ತು ಮಂದಿ ತಾಯಪ್ಪನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ಸ್ವಂತ ಮನೆಯಲ್ಲಿ ಮಾತು ಇರಲಿಲ್ಲ. ಮರಿಲಿಂಗಮ್ಮ ರೊಟ್ಟಿ ಬಡಿದು ಮುಂದಿಡುತ್ತಿದ್ದಳು, ಉಣ್ಣು ಅನ್ನುತ್ತಿರಲಿಲ್ಲ. ಕ್ಯಾಂಪಿನಿಂದ ಬೋನಾಳಕ್ಕೆ ಪಾಯಸ ಹೋಗಲಿಲ್ಲ, ಅಲ್ಲಿಂದ ಉಂಡಿ ಬರಲಿಲ್ಲ. ಯುಗಾದಿಗೆ ತಾಯಪ್ಪ ತಾನೇ ಹೋದನಂತೆ, ಬಾಲಮ್ಮ ನೀರು ಕೊಟ್ಟಳು, ಅಂಬ್ರಪ್ಪ ಹಿಂದಿನ ಬಾಗಿಲಿನಿಂದ ಕೆರೆಯ ಕಡೆ ಎದ್ದು ಹೋದ.

‘ನೀ ಮಾಡಿದ್ದು ತಪ್ಪಂತ ಅನಿಸೇತೇನು?’ ಎಂದು ಒಮ್ಮೆ ಬೂಟು ಬಿಚ್ಚುತ್ತ ಕೇಳಿದೆ.

‘ಇಲ್ರಿ,’ ಅಂದ. ಬೀಗ ತೆಗೆಯುತ್ತ, ‘ಆದ್ರ ಮನಿ ಭಾಳ ಸುಮ್ಮನೈತ್ರಿ,’ ಅಂದ. ಅವನ ಕಣ್ಣಿನಲ್ಲಿ ನೀರಿತ್ತು. ನಾನು ಪೆಟ್ಟಿಗೆಯ ಕಡೆ ತಿರುಗಿ ಲಾಭ, ಎರಡು ಎಂದು ಎಣಿಸತೊಡಗಿದೆ.

ಮುಂದಿನ ವರ್ಷ ದಸರೆ ಮುಗಿದ ಮೇಲೆ ಅಂಬ್ರಪ್ಪನ ಪರವಾನಗಿ ಮರಳಿ ಬಂತು. ಅವನು ಕೆಲಸಕ್ಕೆ ಬಂದ ಮೊದಲ ದಿನವೇ ನನ್ನ ತಿಂಗಳ ಎಣಿಕೆ. ಬೆಳಿಗ್ಗೆ ಬೇರೆಯವರನ್ನು ಕಳಿಸಿ ಕೇಪು ತರಿಸಿಕೊಂಡನಂತೆ, ತಾನು ಬರಲಿಲ್ಲ. ತಾಯಪ್ಪ ಎಣಿಸಿ ಕೊಟ್ಟ. ಮಧ್ಯಾಹ್ನ ಹರಳು ಹಾಕಿಕೊಂಡು ಕುಳಿತ. ನಾನೂ ಪಕ್ಕದಲ್ಲಿ ಬರಿಗಾಲಿನಲ್ಲಿ ಕುಳಿತು, ಕಿವಿ ಮುಚ್ಚಿಕೊಂಡು, ಪಾದವನ್ನು ನೆಲಕ್ಕೆ ಒತ್ತಿ ಹಿಡಿದೆ. ಹೌದು, ಬರುತ್ತದೆ. ಸಣ್ಣಗೆ ಒಂದು ತಳ್ಳು ಅಂಗಾಲಿಗೆ ಬಡಿದು ಹೋಗುತ್ತದೆ. ನಾಲ್ಕೈದರ ಮೇಲೆ ನನಗೆ ತಪ್ಪಿತು. ಅವನಿಗೆ ತಪ್ಪಲಿಲ್ಲ.

ಸಂಜೆ ಬೇಲಿಯ ಹತ್ತಿರ ಒಬ್ಬ ಮನುಷ್ಯ ಬಂದು ನಿಂತ. ಅಂಬ್ರಪ್ಪ. ಸ್ವಲ್ಪ ಸೊರಗಿದ್ದ. ಕಿಸೆಯಿಂದ ಕಡ್ಡಿಪೆಟ್ಟಿಗೆ, ಬೀಡಿ ತೆಗೆದು ಕಲ್ಲಿನ ಮೇಲಿಟ್ಟ. ಚಪ್ಪಲಿ ಬಿಟ್ಟ. ಇಷ್ಟು ವರ್ಷದಲ್ಲಿ ಹೇಳಿಸಿಕೊಳ್ಳದೆ ಅವನು ಚಪ್ಪಲಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಒಳಗೆ ಬಂದು ತಾಯಪ್ಪನ ಎದುರು ನಿಂತು, ಸರ್ಕಾರಿ ಬುಕ್ಕು ತೆರೆಯುವ ಮೊದಲೇ ಕೇಳಿದ.

‘ಎಷ್ಟು ಬಂದ್ವು ಮಾವ?’

ಒಂದು ವರ್ಷದ ಮೇಲೆ ಆಡಿದ ಮೊದಲ ಮಾತು.

‘ಹದಿಮೂರು,’ ಅಂದ ತಾಯಪ್ಪ.

ಅಂಬ್ರಪ್ಪ ಮುಷ್ಟಿ ಬಿಚ್ಚಿದ. ಬೆಳಿಗ್ಗೆ ಒಯ್ದದ್ದು ಹದಿನಾಲ್ಕು. ಉಳಿದ ಒಂದು ಕೇಪು ಅವನ ಅಂಗೈಯಲ್ಲಿತ್ತು. ‘ಒಂದು ತೂತಿನ್ಯಾಗ ನೀರು ಬಂತು, ಮದ್ದು ಹಾಕಲಿಲ್ಲ. ಇದನ್ನ ಒಳಗ ಇಡು. ಅಕ್ಕಗ ಹೇಳು, ರಾತ್ರಿ ಊಟಕ್ಕ ಬರ್ತೀನಿ.’

ತಾಯಪ್ಪ ಕೇಪು ಇಸಿದುಕೊಂಡ. ಬುಕ್ಕು ತೆರೆದು, ತಾನು ಬರೆಯದೆ ಪೆನ್ನನ್ನು ನನ್ನ ಕಡೆ ಚಾಚಿದ. ನಾನು ಪೆನ್ನು ತೆಗೆದುಕೊಂಡು, ಕೊಟ್ಟದ್ದು ಹದಿನಾಲ್ಕು, ಸಿಡಿದದ್ದು ಹದಿಮೂರು, ಮರಳಿ ಬಂದದ್ದು ಒಂದು ಎಂದು ನನ್ನ ಚೆಂದದ ಅಕ್ಷರದಲ್ಲಿ ಬರೆದು ಅವನ ಮುಂದೆ ಹಿಡಿದೆ. ಅವನು ಮೂರೂ ಅಂಕಿ ಒಂದೊಂದಾಗಿ ಓದಿ ನೋಡಿ, ಆಮೇಲೆ ಸಹಿ ಹಾಕಿದ.